ಸರಾಸರಿ ಒಂದೇ, ಸೆಕೆ ಬೇರೆ

ಮಂಗಳೂರು, ಕಲಬುರಗಿ ಎರಡರ ವಾರ್ಷಿಕ ಸರಾಸರಿ ತಾಪಮಾನವೂ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಉಂಟು. ಎಸಿ, ವೆಂಟಿಲೇಶನ್ ವಿನ್ಯಾಸದ ನಮ್ಮ ಕೆಲಸಕ್ಕೆ ಹೊಸಬರು ಸೇರಿದರೆ ನಾನು ಮೊದಲು ಕೇಳುವುದೇ ಇದನ್ನು: ಹಾಗಾದರೆ ಎರಡೂ ಊರಿಗೆ ಒಂದೇ ಮೆಷಿನ್ ಸಾಕಾ?

ದಿನದ ಗರಿಷ್ಠ, ಕನಿಷ್ಠ ಕೂಡಿಸಿ ಅರ್ಧ ಮಾಡಿ, ವರ್ಷಗಟ್ಟಲೆ ಅದನ್ನು ಒಟ್ಟುಹಾಕಿ ದಿನಗಳ ಲೆಕ್ಕದಿಂದ ಭಾಗಿಸಿದರೆ ಸಿಗುವುದು ಸರಾಸರಿ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 40ರ ಹತ್ತಿರ ಏರುತ್ತದೆ, ಡಿಸೆಂಬರಿನ ಬೆಳಗಿನ ಜಾವ 15ರ ಹತ್ತಿರ ಇಳಿಯುತ್ತದೆ. ಅಲ್ಲಿನ 27 ಈ ಎರಡು ತುದಿಗಳ ನಡುವಿನದು. ನಮ್ಮ ಮಂಗಳೂರಿನಲ್ಲಿ ಅಂಥ ತುದಿಗಳನ್ನು ಸಮುದ್ರ ಬಿಡುವುದಿಲ್ಲ. ಒಂದು ಕಿಲೋ ನೀರಿನ ಬಿಸಿ ಒಂದು ಡಿಗ್ರಿ ಏರಬೇಕಾದರೆ ಅಷ್ಟೇ ಒಣಮಣ್ಣಿಗೆ ಬೇಕಾಗುವ ಶಾಖದ ಸುಮಾರು 5 ಪಟ್ಟು ಬೇಕು. ಸಾಲದ್ದಕ್ಕೆ ಅಲೆಗಳು ಆ ಶಾಖವನ್ನು ಆಳಕ್ಕೂ ಕಲಸುತ್ತವೆ. ಹಗಲಿನ ಕಡಲಗಾಳಿ ಏರಿಕೆಯನ್ನು ತಡೆಯುತ್ತದೆ, ರಾತ್ರಿ ತೇವದ ಗಾಳಿ ಇಳಿಕೆಯನ್ನು ತಡೆಯುತ್ತದೆ.

ಸುರತ್ಕಲ್ ಕಡೆಯ ಒಬ್ಬರು ತಮ್ಮ ಹಾಲ್‌ಗೆ ಕೂಲರ್ ಸಾಕೆಂದು ಪಟ್ಟು ಹಿಡಿದಿದ್ದರು. "ಕಲಬುರಗಿಯಲ್ಲಿ ನಮ್ಮ ಭಾವ ಹಾಕಿಸಿದ್ದಾರೆ ಮಾರಾಯ್ರೇ. ಅಲ್ಲಿ 40, ಇಲ್ಲಿ ಬರೀ 33. ನಮಗೆ ಎಂತಕ್ಕೆ ಸಾಕಾಗುದಿಲ್ಲ?" ಪ್ರಶ್ನೆ ನ್ಯಾಯವಾದದ್ದೇ. ಅವರ ಮುಂದೆಯೇ ಲೆಕ್ಕ ಮಾಡಿ ತೋರಿಸಿದೆ. ಕೂಲರ್ ನೀರನ್ನು ಆವಿ ಮಾಡಿ ತಂಪು ಕೊಡುವಂಥದ್ದು. ಎಷ್ಟೇ ಒಳ್ಳೆಯದಿದ್ದರೂ ವೆಟ್ ಬಲ್ಬ್ ತಾಪಮಾನಕ್ಕಿಂತ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಬೀಸುವ ಗಾಳಿಯಲ್ಲಿ ತೋರಿಸುವಷ್ಟು) ಕೆಳಗೆ ಗಾಳಿಯನ್ನು ಇಳಿಸಲಾರದು. 40 ಡಿಗ್ರಿ, ತೇವಾಂಶ ಶೇಕಡಾ 20 ಇದ್ದರೆ ವೆಟ್ ಬಲ್ಬ್ ಸುಮಾರು 22. 33 ಡಿಗ್ರಿ, ತೇವಾಂಶ ಶೇಕಡಾ 65 ಇದ್ದರೆ 27 ದಾಟುತ್ತದೆ. ಅಂದರೆ ಕಲಬುರಗಿಯ ಆ ಹಾಲ್ ನಮ್ಮದಕ್ಕಿಂತ ತಂಪಾಗಬಹುದು! ಮೇಲಿಂದ ಇಲ್ಲಿ ಕೂಲರ್ ಇರುವ ತೇವಕ್ಕೆ ಇನ್ನಷ್ಟು ತೇವ ಸೇರಿಸುತ್ತದೆ, ಬೆವರು ಆರುವುದೇ ಇಲ್ಲ. ಅವರು ಸ್ವಲ್ಪ ಹೊತ್ತು ಕಾಗದ ನೋಡಿ ಎಸಿಗೆ ಒಪ್ಪಿದರು.

ಬೆಂಗಳೂರಿನ ಕಥೆ ಇನ್ನೊಂದು. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ 13ನೇ ಅಕ್ಷಾಂಶದ ಅಕ್ಕಪಕ್ಕದವು, ಸೂರ್ಯ ಮೂವರಿಗೂ ಒಂದೇ. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ಕಿಲೋಮೀಟರಿಗೆ 6.5 ಡಿಗ್ರಿ ಇಳಿಯುವ ಲೆಕ್ಕ ಹಿಡಿದರೆ ನಮಗಿಂತ 6 ಡಿಗ್ರಿ ತಂಪಿರಬೇಕು. ಸರಾಸರಿಯಲ್ಲಿ ವ್ಯತ್ಯಾಸ ಬರೀ 3ರಷ್ಟು. ಅದು ಒಂಟಿ ಬೆಟ್ಟವಲ್ಲ, ಅಗಲವಾದ ಪ್ರಸ್ಥಭೂಮಿ. ಬಿಸಿಲಿಗೆ ಕಾದ ನೆಲವೇ ಅಲ್ಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಇತ್ತ ನಮ್ಮ ಸರಾಸರಿಯನ್ನು ಮುಂಗಾರಿನ ಮೋಡ ಕೆಳಗೆ ಎಳೆಯುತ್ತದೆ. ಚೆನ್ನೈ ಕಡಲ ಬದಿಯಲ್ಲಿದ್ದರೂ ಘಟ್ಟದ ಮಳೆ ನೆರಳಿನಲ್ಲಿದೆ, ಆದ್ದರಿಂದ ನಾವು ಜೂನ್‌ನಲ್ಲಿ ಕೊಡೆ ಬಿಡಿಸುವಾಗ ಅವರು ಇನ್ನೂ ಕಾದ ಪಡುಗಾಳಿಯಲ್ಲಿ ಬೇಯುತ್ತಿರುತ್ತಾರೆ.

ಇಲ್ಲಿಯ ಜುಲೈ ಹಗಲು ಡಿಸೆಂಬರ್ ಹಗಲಿಗಿಂತ ತಂಪು. ತಂಪಿದೆ, ಇನ್ನು ಯಂತ್ರಕ್ಕೆ ಕೆಲಸವಿಲ್ಲ ಅಂದುಕೊಂಡರೆ ಗೋಡೆ, ಪುಸ್ತಕ, ಚಪ್ಪಲಿಗೆಲ್ಲ ಬೂಷ್ಟು ಹಿಡಿಯುತ್ತದೆ. ಅಗತ್ಯಕ್ಕಿಂತ ದೊಡ್ಡ ಎಸಿ ಹಾಕಿದರೂ ಇದೇ ಪಾಡು. ಕೋಣೆ ಬೇಗ ತಂಪಾಗಿ ಕಂಪ್ರೆಸರ್ ನಿಲ್ಲುತ್ತದೆ, ಗಾಳಿಯ ತೇವ ಎಸಿಯೊಳಗಿನ ತಣ್ಣನೆಯ ಕಾಯಿಲ್ ಮೇಲೆ ನೀರಾಗಿ ಇಳಿಯಲು ಸಮಯ ಸಿಗುವುದಿಲ್ಲ. ಕರಾವಳಿಯಲ್ಲಿ ಒಂದು ಟನ್ ಹೆಚ್ಚೇ ಇರಲಿ ಎನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ. ನಮ್ಮ ಆಫೀಸಿನಲ್ಲಿ ಈಗ ಯಾವ ಊರಿನ ಫೈಲ್ ಬಂದರೂ ಮೊದಲ ಪುಟದಲ್ಲಿ ಸರಾಸರಿ ಬರೆಯುವುದಿಲ್ಲ. ಎತ್ತರ, ಕಡಲಿನಿಂದ ದೂರ, ಬೇಸಿಗೆಯ ಗರಿಷ್ಠ, ಮಳೆಗಾಲದ ವೆಟ್ ಬಲ್ಬ್ ಬರೆಯುತ್ತೇವೆ. ಮಡಿಕೇರಿಯ ಕೆಲಸವಾದರೆ ಎತ್ತರದಲ್ಲಿ ಗಾಳಿ ತೆಳು ಎಂದು ಫ್ಯಾನಿನ ಲೆಕ್ಕವನ್ನೂ ಮತ್ತೆ ಮಾಡುತ್ತೇವೆ.