ಇಂಗ್ಲಿಷ್ ಅಷ್ಟಕ್ಕಷ್ಟೇ, ನಮಗೆ ಲ್ಯಾಟಿನ್ ಬರುತ್ತಾ?

ನಾನು ಲ್ಯಾಟಿನ್ ಓದುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ಕೊಡಗಿನ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಮಕ್ಕಳು ಕೇಳುತ್ತಾರೆ. ಗಿಡಮರಗಳ ಲ್ಯಾಟಿನ್ ಹೆಸರನ್ನು ಬಾಯಿಪಾಠ ಮಾಡಿ ಅವರಿಗೆ ಸಾಕಾಗಿರುತ್ತದೆ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯಕ್ಕೆ ಹೋಗುವ ಹಿರಿಯರು ಕೇಳುತ್ತಾರೆ. 1962ರಿಂದ 65ರವರೆಗೆ ನಡೆದ ಕ್ಯಾಥೊಲಿಕ್ ಚರ್ಚಿನ ವ್ಯಾಟಿಕನ್ ಮಹಾಸಭೆಗೆ ಮುಂಚೆ ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಆರಾಧನೆ, ಲ್ಯಾಟಿನ್ನಲ್ಲೇ ಇತ್ತು. ಚಿಕ್ಕಂದಿನಲ್ಲಿ ಕೇಳಿದ ಆ ಮಾತುಗಳ ಅರ್ಥ ಈಗಲಾದರೂ ತಿಳಿಯಬೇಕು ಅಂತ ಅವರ ಆಸೆ. ಕಾಫಿ ತೋಟದವರೂ ಕೇಳುತ್ತಾರೆ. ಕೊನೆಗೆ ಎಲ್ಲರದೂ ಒಂದೇ ಮಾತು: "ಇಂಗ್ಲಿಷೇ ನೆಟ್ಟಗೆ ಬರಲ್ಲ, ಇನ್ನು ಲ್ಯಾಟಿನ್ ಎಲ್ಲಿಂದ ಬರಬೇಕು?"

ನನ್ನ ಉತ್ತರ: ಖಂಡಿತ ಬರುತ್ತದೆ. ಲ್ಯಾಟಿನ್ನಿಗೆ ಇಂಗ್ಲಿಷ್ ಮೂಲಕವೇ ಹೋಗಬೇಕು ಅನ್ನುವುದು ಸುಮ್ನೆ ಒಂದು ಅಭ್ಯಾಸ. ಕನ್ನಡದಿಂದ ನೇರವಾಗಿ ಹೋದರೆ ದಾರಿ ಎಷ್ಟೋ ಕಡೆ ಹತ್ತಿರವಾಗುತ್ತದೆ.

ಮೊದಲು ಅಕ್ಷರ ನೋಡಿ. ಲ್ಯಾಟಿನ್ನಿನಲ್ಲಿ ಐದು ಸ್ವರ, ಒಂದೊಂದಕ್ಕೂ ಹ್ರಸ್ವ, ದೀರ್ಘ ಎರಡೂ ಉಂಟು. ಅ ಆ, ಇ ಈ, ಉ ಊ, ಎ ಏ, ಒ ಓ. ನಮ್ಮ ಕಾಗುಣಿತದಲ್ಲಿ ಇವೆಲ್ಲ ಇವೆಯಲ್ಲ! ಹಿಂದಿಯ ಲಿಪಿಯಲ್ಲಿ ಹ್ರಸ್ವ ಎ, ಒ ಬರೆಯಲು ತೊಡಕು, ನಮಗೆ ಆ ತೊಂದರೆ ಇಲ್ಲ. ಇಂಗ್ಲಿಷಿನಿಂದ ಬಂದವರು ಈ ವ್ಯತ್ಯಾಸ ಹಿಡಿಯಲು ಒದ್ದಾಡುತ್ತಾರೆ. 'ವೆನಿತ್' ಅಂದರೆ ಬರುತ್ತಾನೆ, 'ವೇನಿತ್' ಅಂದರೆ ಬಂದ. ರೋಮನ್ ಲಿಪಿಯಲ್ಲಿ ಎರಡನ್ನೂ ಸಾಮಾನ್ಯವಾಗಿ ಒಂದೇ ಥರ ಬರೆದಿರುತ್ತಾರೆ. ಕಲಿಯುವವರ ಪುಸ್ತಕದಲ್ಲಿ ಮಾತ್ರ ದೀರ್ಘ ಸ್ವರದ ಮೇಲೆ ಒಂದು ಗೆರೆ ಇರುತ್ತದೆ. ಹಾಗಾಗಿ ಮೊದಲ ಕೆಲವು ತಿಂಗಳು ಹೊಸ ಪದ ಸಿಕ್ಕಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಅದನ್ನು ಕನ್ನಡದಲ್ಲೂ ಬರೆದುಕೊಳ್ಳಿ. ಉಚ್ಚಾರ ಅಲ್ಲೇ ಗಟ್ಟಿಯಾಗುತ್ತದೆ.

ಆಮೇಲೆ ವಿಭಕ್ತಿ. ಲ್ಯಾಟಿನ್ ಬಿಟ್ಟವರಲ್ಲಿ ಜಾಸ್ತಿ ಜನ ಬಿಟ್ಟಿದ್ದು ಇಲ್ಲೇ. ಇಂಗ್ಲಿಷಿನಲ್ಲಿ ಯಾರು ಯಾರನ್ನು ಹೊಡೆದರು ಅನ್ನುವುದು ಪದಗಳು ನಿಂತ ಜಾಗದಿಂದ ತಿಳಿಯುತ್ತದೆ. ನಮ್ಮಲ್ಲಿ ಪದದ ಬಾಲದಿಂದ ತಿಳಿಯುತ್ತದೆ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ಶಾಲೆಯಲ್ಲಿ ಕಲಿತಿದ್ದೇವೆ, ಅಲ್ವಾ? ಲ್ಯಾಟಿನ್ನಿನಲ್ಲೂ ಬಾಲವೇ ಮುಖ್ಯ. 'ಅಗ್ರಿಕೊಲ ಅರ್ಬೊರೆಂ ಸೆಕತ್': ರೈತ ಮರವನ್ನು ಕಡಿಯುತ್ತಾನೆ. ಪದಗಳ ಸರದಿಯೂ ನಮ್ಮದೇ. 'ಅರ್ಬೊರೆಂ ಅಗ್ರಿಕೊಲ ಸೆಕತ್' ಅಂದರೂ ಮರ ಕಡಿಯುವವನು ರೈತನೇ. ಮರವನ್ನು ರೈತ ಕಡಿಯುತ್ತಾನೆ ಅಂದ ಹಾಗೆ.

ಇದಕ್ಕಿಂತ ನನಗೆ ಖುಷಿ ಕೊಟ್ಟದ್ದು 'ಇಂದ'. ಕತ್ತಿಯಿಂದ ಕಡಿದ ಅನ್ನುತ್ತೇವೆ, ಮಡಿಕೇರಿಯಿಂದ ಬಂದ ಅಂತಲೂ ಅನ್ನುತ್ತೇವೆ. ಒಂದು ಸಾಧನ, ಇನ್ನೊಂದು ಹೊರಟ ಜಾಗ, ಪ್ರತ್ಯಯ ಮಾತ್ರ ಒಂದೇ. ಲ್ಯಾಟಿನ್ನಿನ ಅಬ್ಲೇಟಿವ್ ವಿಭಕ್ತಿ ಇದೇ ಎರಡು ಕೆಲಸ ಮಾಡುತ್ತದೆ. 'ಗ್ಲದಿಯೋ' ಅಂದರೆ ಕತ್ತಿಯಿಂದ. 'ರೋಮಾ' ಅಂತ ಕೊನೆಯನ್ನು ಎಳೆದು ಹೇಳಿದರೆ ರೋಮಿನಿಂದ. ಇಂಗ್ಲಿಷಿನಲ್ಲಿ ಬರೆದ ವ್ಯಾಕರಣಗಳು ಇದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತವೆ. ನಿಮಗೆ ಒಂದು ಸಾಲು ಸಾಕು.

'ಗೆ' ಕೂಡ ಹಾಗೆಯೇ. ನನಗೆ ಇಬ್ಬರು ಗಂಡುಮಕ್ಕಳಿದ್ದಾರೆ ಅನ್ನಲು ಲ್ಯಾಟಿನ್ನಿನಲ್ಲಿ 'ಮಿಹಿ ದುವೊ ಫೀಲಿಯೀ ಸುಂತ್'. ಪದಕ್ಕೆ ಪದ ಕೂರುತ್ತದೆ. ಪ್ರಶ್ನೆ ಕೇಳಬೇಕಾದರೆ ಕ್ರಿಯಾಪದದ ಬಾಲಕ್ಕೆ 'ನೆ' ಸೇರಿಸುತ್ತಾರೆ. 'ವೆನೀಸ್' ಅಂದರೆ ಬರುತ್ತೀಯ, 'ವೆನೀಸ್‌ನೆ' ಅಂದರೆ ಬರುತ್ತೀಯಾ? ಇನ್ನು ಕ್ರಿಯಾಪದದ ಕೊನೆಯಲ್ಲೇ ನಾನು, ನೀನು, ಅವನು ಎಲ್ಲ ಅಡಗಿರುವುದು ನಮಗೆ ಹೊಸದಲ್ಲ. ಕ್ರಿ.ಪೂ. 47ರಲ್ಲಿ ಯುದ್ಧವೊಂದನ್ನು ಗೆದ್ದ ರೋಮಿನ ಸೇನಾಪತಿ ಸೀಸರ್ ಹೇಳಿದ್ದು ಎನ್ನುವ ಮಾತು 'ವೇನೀ, ವೀದೀ, ವೀಕೀ'. ಬಂದೆ, ನೋಡಿದೆ, ಗೆದ್ದೆ. ಅಲ್ಲಿ ಮೂರು ಪದ, ಇಲ್ಲೂ ಮೂರೇ.

ಪದಗಳ ವಿಷಯದಲ್ಲಿ ಸಂಸ್ಕೃತ ಸಹಾಯಕ್ಕೆ ಬರುತ್ತದೆ. ಕನ್ನಡ ದ್ರಾವಿಡ ಭಾಷೆ, ಲ್ಯಾಟಿನ್ನಿಗೆ ನೆಂಟಸ್ತಿಕೆ ಇರುವುದು ಸಂಸ್ಕೃತದ ಜೊತೆ. 1786ರಲ್ಲಿ ಬ್ರಿಟಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಕೋಲ್ಕತ್ತದಲ್ಲಿ ಇದನ್ನು ಎತ್ತಿ ಹೇಳಿದ. ನಾವು ದಿನವೂ ಬಳಸುವ ಎಷ್ಟೋ ಮಾತು ಸಂಸ್ಕೃತದಿಂದ ಬಂದಿರುವುದರಿಂದ ಲಾಭ ನಮಗೂ ಇದೆ. ಅಗ್ನಿಗೆ 'ಇಗ್ನಿಸ್', ಸಪ್ತಕ್ಕೆ 'ಸೆಪ್ತೆಂ', ದಶಕ್ಕೆ 'ದೆಕೆಂ', ವಿಧವೆಗೆ 'ವಿದುವ'. ದಂತ, ನಾಮ, ಮಾತೃ, ಪಿತೃ ಇವುಗಳ ನೆಂಟರೂ ಅಲ್ಲಿದ್ದಾರೆ.

ಎಲ್ಲವೂ ಸಲೀಸು ಅಂತ ನಂಬಿಸಲು ನನಗೆ ಇಷ್ಟವಿಲ್ಲ. ಕನ್ನಡದವರಿಗೇ ಕಷ್ಟವಾಗುವ ಜಾಗಗಳಿವೆ. ಮರಗಳನ್ನು ಅನ್ನುವಾಗ 'ಗಳು' ಬೇರೆ, 'ಅನ್ನು' ಬೇರೆ, ಒಂದರ ಹಿಂದೆ ಒಂದು ಬರುತ್ತವೆ. ಲ್ಯಾಟಿನ್ನಿನಲ್ಲಿ ಬಹುವಚನ, ವಿಭಕ್ತಿ ಎರಡಕ್ಕೂ ಸೇರಿ ಒಂದೇ ಬಾಲ. ಅದೂ ಐದು ಗುಂಪಿಗೆ ಐದು ಥರ. ಇನ್ನೊಂದು, ನಾವು ಕಾಫಿ ಕುಯ್ದೆ ಅನ್ನುತ್ತೇವೆ, 'ಕಾಫಿಯನ್ನು' ಅನ್ನುವುದಿಲ್ಲ. ಲ್ಯಾಟಿನ್ನಿನಲ್ಲಿ ಆ 'ಅನ್ನು' ಬಿಡುವ ಹಾಗಿಲ್ಲ.

ನಮ್ಮ 'ಅಂತ' ಹಳೆಯ ಲ್ಯಾಟಿನ್ನಿನಲ್ಲಿ ಇಲ್ಲ. 'ದೀಕಿತ್ ಅಗ್ರಿಕೊಲಂ ವೆನೀರೆ' ಅನ್ನುವುದನ್ನು ನಾವು ಪದಪದವಾಗಿ ಓದಿದರೆ, ರೈತನನ್ನು ಬರಲು ಹೇಳುತ್ತಾನೆ ಅಂತ ಕೇಳಿಸುತ್ತದೆ. ನಿಜವಾದ ಅರ್ಥ, ರೈತ ಬರುತ್ತಿದ್ದಾನೆ ಅಂತ ಹೇಳುತ್ತಾನೆ. ಇಂಥ ವಾಕ್ಯ ಪುಸ್ತಕದಲ್ಲಿ ಮೊದಲ ಸಲ ಬಂದ ದಿನ ಬೇರೇನೂ ಓದಬೇಡಿ. ಅದನ್ನೇ ಹತ್ತು ಥರ ಬದಲಿಸಿ ಬರೆಯಿರಿ.

ಲಿಂಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಕೊಡಗಿನವರಿಗೆ ಅದರ ಉದಾಹರಣೆ ತೋಟದಲ್ಲೇ ಇದೆ. ನಮ್ಮಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ವಸ್ತುಗಳು ನಪುಂಸಕ. ಲ್ಯಾಟಿನ್ನಿನಲ್ಲಿ ಮೇಜು ಕೂಡ ಸ್ತ್ರೀಲಿಂಗ. ಜೊತೆಗೆ ಬರುವ ಗುಣವಾಚಕವೂ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಕಾಫಿ ಗಿಡದ ಲ್ಯಾಟಿನ್ ಹೆಸರು 'ಕಾಫಿಯ' ಸ್ತ್ರೀಲಿಂಗ, ಆದ್ದರಿಂದ ಗುಣವಾಚಕದ ಬಾಲ 'ಅ': 'ಅರಬಿಕ', 'ರೋಬುಸ್ತ'. ಸಿದ್ದಾಪುರದ ಸಂತೆಯಲ್ಲಿ ಅರೇಬಿಕಾ, ರೋಬಸ್ಟಾ ಅನ್ನುವವರೆಲ್ಲ ಲ್ಯಾಟಿನ್ನಿನ ಸ್ತ್ರೀಲಿಂಗ ಗುಣವಾಚಕವನ್ನು ಸರಿಯಾಗಿಯೇ ಬಳಸುತ್ತಿದ್ದಾರೆ. ಸಿಲ್ವರ್ ಓಕ್ 'ಗ್ರೆವಿಲಿಯ ರೋಬುಸ್ತ', ಅದೇ ಕಾರಣಕ್ಕೆ. ಕರಿಮೆಣಸು ನಪುಂಸಕ, ಹಾಗಾಗಿ ಬಾಲ 'ಉಂ': 'ಪಿಪೆರ್ ನಿಗ್ರುಂ'. ಶ್ರೀಗಂಧ 'ಸಂತಲುಂ ಅಲ್ಬುಂ'. ಅರಳಿ ಮರ ನೋಡಿ: 'ಫೀಕುಸ್ ರೆಲಿಗಿಯೋಸ'. 'ಉಸ್' ಅಂತ ಕೊನೆಯಾಗುವ ಪದ ಸಾಮಾನ್ಯವಾಗಿ ಪುಲ್ಲಿಂಗ. ಆದರೆ ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಹೆಚ್ಚಾಗಿ ಸ್ತ್ರೀಲಿಂಗ, ಹಾಗಾಗಿ 'ರೆಲಿಗಿಯೋಸ'. ಕಾಫಿಯ ಎಲೆ ತುಕ್ಕು ರೋಗದ ಶಿಲೀಂಧ್ರಕ್ಕೆ 1869ರಲ್ಲಿ, ಸಿಲೋನಿನ ತೋಟಗಳಿಗೆ ರೋಗ ಬಿದ್ದ ಕಾಲದಲ್ಲಿ, ಇಟ್ಟ ಹೆಸರು 'ಹೆಮಿಲಿಯ ವಾಸ್ತಾತ್ರೀಕ್ಸ್'. ಹಾಳುಮಾಡುವವಳು ಅಂತ. ಆ 'ತ್ರೀಕ್ಸ್' ನಮ್ಮ ಹಾಡುಗಾರ್ತಿಯ 'ಗಾರ್ತಿ' ಇದ್ದ ಹಾಗೆ.

ಅರಣ್ಯ ಕಾಲೇಜಿನ ಮಕ್ಕಳಿಗೆ ನಾನು ಹೇಳುವುದು ಇದನ್ನೇ. ನೂರು ಹೆಸರು ಉರು ಹೊಡೆಯುವ ಮೊದಲು ಈ ಮೂರು ಲಿಂಗಗಳ ಬಾಲ ಕಲಿಯಿರಿ.

ಪುಸ್ತಕ ಯಾವುದು ಅಂತ ಕೇಳಿದರೆ, ಡೆನ್ಮಾರ್ಕಿನ ಹನ್ಸ್ ಓರ್ಬೆರ್ಗ್ ಬರೆದ 'ಫಮಿಲಿಯ ರೋಮಾನ'. ಒಟ್ಟು 35 ಅಧ್ಯಾಯ. ಮೊದಲ ಪುಟದಿಂದ ಕೊನೆಯವರೆಗೆ ಬರೀ ಲ್ಯಾಟಿನ್. ಚಿಕ್ಕ ಚಿಕ್ಕ ವಾಕ್ಯ, ಅಂಚಿನಲ್ಲಿ ಚಿತ್ರ. ಒಂದು ಕುಟುಂಬದ ಕಥೆ ನಡೆಯುತ್ತಾ ಭಾಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ದೀರ್ಘ ಸ್ವರಗಳಿಗೆ ಗೆರೆ ಹಾಕಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಕಾಣುವುದಿಲ್ಲ, ಏಕೆಂದರೆ ಇಲ್ಲಿ ಇಂಗ್ಲಿಷ್ ಅಡ್ಡ ಬರುವುದೇ ಇಲ್ಲ. ಇಂಗ್ಲಿಷ್ ಸರಾಗವಾಗಿ ಓದುವವರು, ನಿಯಮ ಮೊದಲು ತಿಳಿದರೆ ಸಮಾಧಾನ ಅನ್ನುವವರು, 1956ರಲ್ಲಿ ಮೊದಲು ಬಂದ ವೀಲಾಕ್ ಅವರ ಪಾಠಪುಸ್ತಕ ಹಿಡಿಯಬಹುದು. ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ದಿನಕ್ಕೆ ಅರ್ಧ ಗಂಟೆ, ಗಟ್ಟಿಯಾಗಿ ಓದಿ. ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂತರೆ ಬುಧವಾರಕ್ಕೆ ಮರೆತಿರುತ್ತದೆ.

ಉಚ್ಚಾರದಲ್ಲಿ ಎರಡು ಸಂಪ್ರದಾಯ. ರೋಮನ್ನರ ಕಾಲದ ಥರ ಓದುವವರು 'ಕೈಲೀಸ್' ಅನ್ನುತ್ತಾರೆ, ಚರ್ಚಿನಲ್ಲಿ ಅದೇ 'ಚೇಲಿಸ್'. ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಪ್ರಾರ್ಥನೆಗಾಗಿ ಕಲಿಯುವವರು ಚರ್ಚಿನದನ್ನೇ ಕಲಿಯುವುದು ಸರಿ. ಅವರಿಗೆ ಮೊದಲ ಪಾಠವೂ ಬಾಯಲ್ಲೇ ಇದೆ, ಯೇಸು ಕಲಿಸಿದ ಪ್ರಾರ್ಥನೆಯ ಸಾಲು: 'ಪಾನೆಂ ನೊಸ್ತ್ರುಂ... ದಾ ನೋಬೀಸ್ ಹೊದಿಯೇ'. 'ಪಾನೆಂ' ರೊಟ್ಟಿಯನ್ನು, 'ನೋಬೀಸ್' ನಮಗೆ, 'ದಾ' ಕೊಡು, 'ಹೊದಿಯೇ' ಇಂದು. ದ್ವಿತೀಯಾ, ಚತುರ್ಥಿ, ಆಜ್ಞಾರ್ಥಕ ಮೂರೂ ಒಂದೇ ಸಾಲಿನಲ್ಲಿ.

ಇಷ್ಟು ಕಲಿತು ಓದುವುದೇನನ್ನು? ಸೀಸರ್, ಸಿಸೆರೊ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆಯವರಿಗೆ ಬೇರೆ ಓದೂ ಇದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೆಯಸ್ 1753ರಲ್ಲಿ 'ಕಾಫಿಯ ಅರಬಿಕ' ಅಂತ ಎರಡು ಪದದ ಹೆಸರು ಇಡುವ ಮೊದಲು, ಫ್ರಾನ್ಸಿನ ಸಸ್ಯವಿಜ್ಞಾನಿ ಆಂತ್ವಾನ್ ದ ಜುಸ್ಯೂ ಕಾಫಿಯನ್ನು ಕರೆದದ್ದು ಅರೇಬಿಯದ ಮಲ್ಲಿಗೆ ಅಂತ. ಅದೂ ಒಂದು ಇಡೀ ವಾಕ್ಯದಷ್ಟು ಉದ್ದ: ಲಾರೆಲ್ ಮರದಂಥ ಎಲೆಯ, ನಮ್ಮಲ್ಲಿ ಯಾವುದರ ಬೀಜವನ್ನು ಕಾಫಿ ಅನ್ನುತ್ತಾರೋ ಆ ಅರೇಬಿಯದ ಮಲ್ಲಿಗೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟದೊಳಗೆ ನಡೆದವರಿಗೆ ಅವನು ಯಾಕೆ ಮಲ್ಲಿಗೆ ಅಂದ ಅಂತ ಹೇಳಬೇಕಾಗಿಲ್ಲ. 'ಲೌರೀ ಫೊಲಿಯೋ', ಲಾರೆಲ್ಲಿನ ಎಲೆಯ ಅನ್ನುವಲ್ಲಿ ಬಂದಿರುವುದು ಮೇಲೆ ಹೇಳಿದ ಅದೇ ಅಬ್ಲೇಟಿವ್.

ಇನ್ನೂ ಹತ್ತಿರದ್ದು 'ಹೊರ್ತುಸ್ ಮಲಬಾರಿಕುಸ್'. ನಮ್ಮ ಘಟ್ಟದ ಕೆಳಗಿನ ಮಲಬಾರಿನ ಗಿಡಗಳ ಬಗ್ಗೆ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 12 ಸಂಪುಟ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಲ್ಯಾಟಿನ್ನಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯರು ಗಿಡಗಳ ಗುಣ ಹೇಳಿಕೊಟ್ಟಿದ್ದರು. ಕೇರಳದ ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ಬದುಕಿನ ದೊಡ್ಡ ಭಾಗವನ್ನೇ ಇದಕ್ಕೆ ಕೊಟ್ಟು ಇಂಗ್ಲಿಷಿಗೂ ಮಲಯಾಳಂಗೂ ತಂದರು. ಕನ್ನಡಕ್ಕೆ ಇಂಥ ಕೆಲಸ ಮಾಡುವವರು ನಮ್ಮ ನಡುವಿನಿಂದ ಬರಬೇಕು ಅಂತ ನನಗೆ ನಿಜವಾಗಿ ಆಸೆ ಇದೆ. ಮೂಲದ ಸ್ಕ್ಯಾನ್ ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಮೊದಲ ಸಂಪುಟದ ಮೊದಲ ಗಿಡ ತೆಂಗು. ಓರ್ಬೆರ್ಗ್ ಪುಸ್ತಕ ಮುಗಿಸಿದವರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಅಲ್ಲಿಂದಲೇ ಓದಲು ಶುರು ಮಾಡಬಹುದು.