ಉಚ್ಚೆ ಸೋರುವುದಕ್ಕೆ ಮನೆಯಲ್ಲೇ ಚಿಕಿತ್ಸೆ: ಕ್ಲಿನಿಕ್ಕಿನಲ್ಲಿ ಕಲಿತದ್ದು

ನಾನು ಫಿಸಿಯೋಥೆರಪಿಸ್ಟ್. ಮಂಡಿ ನೋವು, ಸೊಂಟ ನೋವು ಅಂತ ಬರುವವರೇ ಜಾಸ್ತಿ. ನಲವತ್ತು ದಾಟಿದ ಹೆಂಗಸರಾದರೆ ಸೊಂಟದ ಮಾತು ಮುಗಿದ ಮೇಲೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ: "ಕೆಮ್ಮಿದಾಗ, ಸೀನಿದಾಗ ಉಚ್ಚೆ ಸೋರುತ್ತಾ?" ಕೇಳದಿದ್ದರೆ ಅವರಾಗಿ ಹೇಳುವುದು ಕಡಿಮೆ. ಹೊರಗೆ ಕೂತ ಮಗನಿಗೆ ಕೇಳಿಸುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಮಾತು ಶುರು ಮಾಡುತ್ತಾರೆ. ವರ್ಷಗಟ್ಟಲೆ ಬಟ್ಟೆ ಮಡಚಿ ಇಟ್ಟುಕೊಂಡೇ ಓಡಾಡಿದವರಿದ್ದಾರೆ. ಬಸ್ಸು ಹತ್ತುವ ದಿನ ಬೆಳಗ್ಗೆಯಿಂದ ಒಂದು ಲೋಟ ನೀರೂ ಕುಡಿಯದವರು, ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟವರು ಇದ್ದಾರೆ. "ಹೆತ್ತವರಿಗೆಲ್ಲ ಇದ್ದದ್ದೇ ಅಲ್ವಾ?" ಅನ್ನುತ್ತಾರೆ. ತುಂಬಾ ಜನರಿಗೆ ಇರುತ್ತದೆ, ನಿಜ. ಆದರೆ ಸಹಿಸಿಕೊಂಡೇ ಇರಬೇಕಿಲ್ಲ.

ಇದಕ್ಕೆ ಮುಖ್ಯ ಚಿಕಿತ್ಸೆ ಉಚ್ಚೆ ತಡೆಯುವ ಸ್ನಾಯುಗಳ ವ್ಯಾಯಾಮ. ಅದರ ಮುಕ್ಕಾಲು ಪಾಲು ಅವರೇ ಮನೆಯಲ್ಲಿ ಮಾಡಿಕೊಳ್ಳುವಂಥದ್ದು. ನಮ್ಮ ಪಾಲು ಸಣ್ಣದು, ಆದರೆ ಅದು ಮೊದಲಲ್ಲೇ ಬರಬೇಕು.

ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದವರು ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. ಒಂದು ಅಧ್ಯಯನದಲ್ಲಿ 250 ಹೆಂಗಸರಿದ್ದರು. ಕೆಲವರಿಗೆ ಇಂಟರ್ನೆಟ್ಟಿನಲ್ಲಿ, ಉಳಿದವರಿಗೆ ಅಂಚೆಯಲ್ಲಿ ವ್ಯಾಯಾಮದ ಪಾಠ ಕಳಿಸಿದರು. ಮುಖಾಮುಖಿ ಭೇಟಿಯೇ ಇಲ್ಲ. ಎರಡೂ ಗುಂಪಿಗೆ ಗುಣ ಕಂಡಿತು. ಆಮೇಲೆ 'ಟೆಟ್' ಅನ್ನುವ ಮೊಬೈಲ್ ಆ್ಯಪ್ ಮಾಡಿ 123 ಹೆಂಗಸರಲ್ಲಿ ನೋಡಿದರು. ಮೂರು ತಿಂಗಳ ಬಳಿಕ, ಆ್ಯಪ್ ಬಳಸಿದವರಿಗೆ ಬಳಸದೆ ಕಾದವರಿಗಿಂತ ಸೋರುವುದು ಕಡಿಮೆಯಾಗಿತ್ತು. 2017ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಇದನ್ನು ಓದಿ "ಹಾಗಾದರೆ ಆ್ಯಪ್ ಕೊಟ್ಟರೆ ಮುಗೀತು" ಅನ್ನುವ ಹಾಗಿಲ್ಲ. ಸೇರಿಸಿಕೊಳ್ಳುವ ಮೊದಲು ಅವರು ಡೈರಿ ಬರೆಸಿದ್ದರು, ಫೋನಿನಲ್ಲಿ ಮಾತಾಡಿದ್ದರು, ಯಾವ ಬಗೆಯ ಸೋರಿಕೆ ಅಂತ ತಿಳಿದುಕೊಂಡಿದ್ದರು.

ಆ ಬಗೆ ಗೊತ್ತಾಗುವುದು ಮುಖ್ಯ. ಕೆಮ್ಮು, ನಗು, ಭಾರ ಎತ್ತುವುದು, ಇವುಗಳಿಂದ ಸೋರುವುದು ಒಂದು. ಬೀಗ ತೆಗೆಯುವಷ್ಟರಲ್ಲಿ ತಡೆಯಲಾಗದೆ ಆಗಿಬಿಡುವುದು ಇನ್ನೊಂದು. ಎರಡೂ ಸೇರಿ ಇರುವವರೂ ಇದ್ದಾರೆ. ನಾನು ಮೂರು ದಿನದ ಲೆಕ್ಕ ಬರೆಸುತ್ತೇನೆ: ಎಷ್ಟು ಕುಡಿದಿರಿ, ಎಷ್ಟು ಗಂಟೆಗೆ ಹೋದಿರಿ, ಯಾವಾಗ ಸೋರಿತು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂದೆ ಬರೆದು ತಂದವರಿದ್ದಾರೆ. ಅಕ್ಷರ ಬಾರದವರು ಹೋದದ್ದಕ್ಕೆ ಗೆರೆ, ಸೋರಿದ್ದಕ್ಕೆ ಸೊನ್ನೆ ಹಾಕುತ್ತಾರೆ. ಈ ಹಾಳೆ ನೋಡಿದಾಗ ಅರ್ಧ ವಿಷಯ ಅವರಿಗೇ ಹೊಳೆಯುತ್ತದೆ. "ಅಯ್ಯೋ, ದಿನಕ್ಕೆ ಇಷ್ಟು ಸಲ ಕಾಫಿ ಕುಡೀತೀನಾ?"

ಇನ್ನು ವ್ಯಾಯಾಮ. ಉಚ್ಚೆ ತಡೆಯುವ ಸ್ನಾಯುವನ್ನು ಬಿಗಿ ಮಾಡಿ ಬಿಡುವ ಈ ವ್ಯಾಯಾಮಕ್ಕೆ ಕೆಗೆಲ್ ಅನ್ನುವ ಹೆಸರನ್ನು ಎಷ್ಟೋ ಜನ ಕೇಳಿರುತ್ತಾರೆ. ಅಮೆರಿಕದ ಸ್ತ್ರೀರೋಗ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದಾಗ ಬರೀ ಬಾಯಿಮಾತಿಗೆ ಬಿಡಲಿಲ್ಲ. ಸ್ನಾಯು ಬಿಗಿ ಮಾಡಿದರೆ ಮುಳ್ಳು ಅಲ್ಲಾಡಿ ಒತ್ತಡ ತೋರಿಸುವ ಉಪಕರಣವನ್ನೂ ಬಳಸಿದರು. ಆ ಉಪಕರಣ ಜನರಿಗೆ ಮರೆತುಹೋಗಿ ವ್ಯಾಯಾಮದ ಹೆಸರು ಮಾತ್ರ ಉಳಿಯಿತು. 1991ರ ಒಂದು ಅಮೆರಿಕನ್ ಅಧ್ಯಯನದಲ್ಲಿ 47 ಹೆಂಗಸರಿಗೆ ಮಾತಿನಲ್ಲಷ್ಟೇ ಹೇಳಿಕೊಟ್ಟಾಗ ಸರಿಯಾಗಿ ಮಾಡಿದವರು ಸುಮಾರು ಅರ್ಧ. ಕಾಲು ಭಾಗ ಜನ ಸೋರಿಕೆ ಹೆಚ್ಚಿಸಬಹುದಾದ ರೀತಿಯಲ್ಲಿ ಮಾಡುತ್ತಿದ್ದರು. ನನ್ನ ಹತ್ತಿರ ಬರುವವರಲ್ಲೂ ಇದೇ ಕತೆ. ಉಸಿರು ಕಟ್ಟುತ್ತಾರೆ, ತೊಡೆ ಬಿಗಿ ಮಾಡುತ್ತಾರೆ, ಕೆಳಕ್ಕೆ ತಿಣುಕುತ್ತಾರೆ.

ಹಾಗಾಗಿ ಮೊದಲ ಭೇಟಿ ಪೂರ್ತಿ ಸ್ನಾಯು ಹುಡುಕುವುದಕ್ಕೇ. ನಾಲ್ಕು ಜನರ ನಡುವೆ ಗ್ಯಾಸ್ ತಡೆಯುವಾಗ ಏನು ಮಾಡುತ್ತೀರೋ ಅದನ್ನು ಮಾಡಿ, ಜೊತೆಗೆ ಉಚ್ಚೆಯನ್ನೂ ತಡೆದ ಹಾಗೆ ಒಳಕ್ಕೆ, ಮೇಲಕ್ಕೆ ಎಳೆಯಿರಿ ಅನ್ನುತ್ತೇನೆ. ಮನೆಯಲ್ಲಿ ಮಲಗಿ ಕೈಗನ್ನಡಿ ಹಿಡಿದು ನೋಡಲು ಹೇಳುತ್ತೇನೆ. ಆ ಜಾಗ ಒಳಕ್ಕೆ ಹೋದರೆ ಸರಿ, ಹೊರಕ್ಕೆ ಉಬ್ಬಿದರೆ ತಪ್ಪು. ನಾಚಿಕೆಯಿಂದ ನಗುತ್ತಾರೆ, ಆದರೆ ನೋಡುತ್ತಾರೆ. ಉಚ್ಚೆ ಹೊಯ್ಯುವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ ಅಂತಲೂ ಹೇಳುತ್ತೇನೆ.

ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿಯಲ್ಲಿರುವ ಲೆಕ್ಕ ಸುಲಭ. ಒಂದು ಸಲಕ್ಕೆ ಕನಿಷ್ಠ 8 ಬಾರಿ ಬಿಗಿ ಮಾಡಬೇಕು, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಕಷ್ಟ ಇರುವುದು ಆ ಮೂರು ತಿಂಗಳಲ್ಲೇ. ಫೋನಿನಲ್ಲಿ ಅಲಾರಂ ಇಡಿ ಅನ್ನುವುದು ನಮಗೆ ಸುಲಭ. ಆದರೆ ಫೋನು ಮಗನ ಕೈಯಲ್ಲಿರುತ್ತದೆ. ಅದರ ಪರದೆ ಮೇಲೆ ಈ ವ್ಯಾಯಾಮದ ಹೆಸರು ಬಂದರೆ ಅವರು ಮತ್ತೆ ಆ ಸುದ್ದಿಗೇ ಹೋಗುವುದಿಲ್ಲ. ಅದಕ್ಕೆ ಮನೆಗೆಲಸಕ್ಕೇ ಗಂಟು ಹಾಕಿಸುತ್ತೇನೆ. ಬೆಳಗ್ಗೆ ಹಾಸಿಗೆಯಲ್ಲಿ ಒಂದು ಸಲ, ಕುಕ್ಕರ್ ಆರಲು ಬಿಟ್ಟಾಗ ಒಂದು ಸಲ, ರಾತ್ರಿ ಧಾರಾವಾಹಿಯ ಜಾಹೀರಾತಿನಲ್ಲಿ ಒಂದು ಸಲ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಸ್ವಂತ ಫೋನ್ ಇದ್ದವರು ಹೇಗೆ ನಡೀತಿದೆ ಅಂತ ನನಗೆ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ.

ಇದರ ಜೊತೆ ಒಂದು ಉಪಾಯ ಕೂಡಲೇ ಕೆಲಸಕ್ಕೆ ಬರುತ್ತದೆ. ಕೆಮ್ಮು ಬರುವ ಮೊದಲು, ಕೊಡ ಎತ್ತುವ ಮೊದಲು, ಆ ಸ್ನಾಯು ಬಿಗಿ ಮಾಡಿಕೊಳ್ಳುವುದು. ಸ್ನಾಯು ಗಟ್ಟಿಯಾಗುವವರೆಗೆ ಕಾಯಬೇಕಿಲ್ಲ. ಎಷ್ಟೋ ಜನರಿಗೆ ನಂಬಿಕೆ ಬರುವುದೇ ಇಲ್ಲಿಂದ.

ಅವಸರವಾಗಿ ಸೋರುವವರಿಗೆ ಪಾಠ ಬೇರೆ. ಒತ್ತಡ ಬಂದ ತಕ್ಷಣ ಓಡಬೇಡಿ, ನಿಲ್ಲಿ, ಪಟಪಟ ಕೆಲವು ಸಲ ಬಿಗಿ ಮಾಡಿ, ಅವಸರ ತಗ್ಗಿದ ಮೇಲೆ ನಡೆದು ಹೋಗಿ. ಎರಡು ಸಲದ ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಇದಕ್ಕೆ ಕನಿಷ್ಠ ಆರು ವಾರ ಬೇಕು. ನೀರು ಕುಡಿಯುವುದನ್ನು ಬಿಡುವುದು ಮಾತ್ರ ಬೇಡ. ಉಚ್ಚೆ ಗಟ್ಟಿಯಾಗಿ ಇನ್ನಷ್ಟು ಕಿರಿಕಿರಿ, ಮಲಬದ್ಧತೆ ಬೇರೆ. ತೂಕ ಜಾಸ್ತಿ ಇದ್ದರೆ ಇಳಿಸಿದಷ್ಟೂ ಒಳ್ಳೆಯದು.

ಉಚ್ಚೆಯಲ್ಲಿ ರಕ್ತ, ಉರಿ, ಜ್ವರ, ಪೂರ್ತಿ ಖಾಲಿಯಾಗದಿರುವುದು, ಕೆಳಗೆ ಗಡ್ಡೆ ಇಳಿದ ಹಾಗೆ ಅನಿಸುವುದು, ಹೆರಿಗೆ ಅಥವಾ ಆಪರೇಷನ್ ಆದ ಮೇಲೆ ಹಗಲೂ ರಾತ್ರಿ ಸೋರುತ್ತಲೇ ಇರುವುದು, ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ ಹೇಳಿಕೊಡದೆ ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ. ಕಾಲು ಜೋಮು ಹಿಡಿದು ಸೋರುವುದು ದಿಢೀರನೆ ಶುರುವಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮೂರು ತಿಂಗಳು ಸರಿಯಾಗಿ ಮಾಡಿಯೂ ಬದಲಾಗದವರೂ ಇದ್ದಾರೆ. ಅವರಿಗೆ ಒಳಗೆ ಇಡುವ ರಿಂಗು, ಮಾತ್ರೆ, ಆಪರೇಷನ್ ಅಂತ ಬೇರೆ ದಾರಿಗಳಿವೆ. ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಗುಣ ಆಗದಿದ್ದಾಗ ತಮ್ಮದೇ ತಪ್ಪು ಅಂದುಕೊಂಡು ಮತ್ತೆ ಬಟ್ಟೆ ಮಡಚುವುದಕ್ಕೆ ಹೋಗುತ್ತಾರೆ, ನಮಗೆ ಹೇಳುವುದೂ ಇಲ್ಲ.