ನಿಂತ ಕಾರು, ಓಡುವ ಕಾರು

ಕುಂದಾಪುರ
17 ನವೆಂಬರ್ 2024, ಭಾನುವಾರ

ಅಪ್ಪಯ್ಯನ 1996ರ ಮಾರುತಿ 800ರಲ್ಲಿರುವ ಕ್ಯಾಸೆಟ್ ಪ್ಲೇಯರ್ ಎಂಟು ವರ್ಷಗಳ ಬಳಿಕ ಇಂದು ಮತ್ತೆ ಹಾಡಿತು. ಸಡಿಲವಾಗಿ ಜಾರುತ್ತಿದ್ದ ರಬ್ಬರ್ ಬೆಲ್ಟನ್ನು ಕಳೆದ ವಾರವೇ ಬದಲಾಯಿಸಿದ್ದೆ. ಇಂದು ಬೆಳಿಗ್ಗೆ ಕಡ್ಡಿಗೆ ಹತ್ತಿ ಸುತ್ತಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಟೇಪಿನಿಂದ ದನಿಯನ್ನು ಓದುವ ಹೆಡ್ಡನ್ನು ಒರೆಸಿದಾಗ ಹತ್ತಿಯೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಅದು ಬರೀ ಧೂಳಲ್ಲ, ಟೇಪುಗಳಿಂದ ಸವೆದು ಬಂದ ಐರನ್ ಆಕ್ಸೈಡ್ ಕೂಡ. ಹಾಡು ದಾಖಲಾಗಿರುವುದು ಆ ಪದರದಲ್ಲೇ ಆದ್ದರಿಂದ, ಒಂದೊಂದು ಸಲ ಕೇಳಿದಾಗಲೂ ಹಾಡು ಒಂದಿಷ್ಟು ಸವೆದಿದೆ ಎಂದು ತಿಳಿದು ಮನಸ್ಸಿಗೆ ಕಷ್ಟವಾಯಿತು.

ಹಾಕಿದ ಕ್ಯಾಸೆಟ್ಟು, ನಮ್ಮೂರಿನ ಯಕ್ಷಗಾನ ಬಯಲಾಟವೊಂದರಲ್ಲಿ ಕಾಳಿಂಗ ನಾವಡರ ಭಾಗವತಿಕೆಯನ್ನು, ಅಂದರೆ ಹಾಡುಗಾರಿಕೆಯನ್ನು, ಅಪ್ಪಯ್ಯ ರಂಗಸ್ಥಳದ ಅಂಚಿನಲ್ಲಿ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡದ್ದು. ನಾವಡರು 1990ರಲ್ಲಿ ಇನ್ನೂ ಸಣ್ಣ ಪ್ರಾಯದಲ್ಲೇ ಅಪಘಾತದಲ್ಲಿ ತೀರಿಕೊಂಡ ಮೇಲೆ ಈ ಒಂದು ಟೇಪು ನಮ್ಮ ಮನೆಯಲ್ಲಿ ದೇವರ ಕೋಣೆಯ ವಸ್ತುವಿನಷ್ಟೇ ಜೋಪಾನವಾಗಿ ಉಳಿದಿದೆ. ಎರಡು ವರ್ಷಗಳ ಹಿಂದೆ ಇದನ್ನೇ ಮನೆಯ ಟೇಪ್ ಡೆಕ್ಕಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ. ಹಾಗಾಗಿ ಒಂದೇ ಆಟವನ್ನು 800ರಲ್ಲಿ ಟೇಪಿನಿಂದಲೂ ಮಗಳ ಹೊಸ ಕಾರಿನಲ್ಲಿ ಫೋನಿನಿಂದಲೂ ಕೇಳಿ ಹೋಲಿಸುವ ಅವಕಾಶ ಸಿಕ್ಕಿತು. ಎರಡು ಕಾರುಗಳನ್ನೂ ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಿಸಿ, ಎಂಜಿನ್ ಆರಿಸಿ ಕುಳಿತೆವು.

ನಿಂತ ಕಾರಿನಲ್ಲಿ ಟೇಪು ಸೋತಿತು, ಅದರಲ್ಲಿ ಅನುಮಾನವಿಲ್ಲ. ಪದ್ಯದ ಹಿಂದೆ ಸುಯ್ಯೆನ್ನುವ ಸದ್ದು ಬಿಡದೆ ಕೇಳುತ್ತಿತ್ತು. ತಾಳದ ಝಣತ್ಕಾರ ಮೊಂಡಾಗಿತ್ತು. ಕ್ಯಾಸೆಟ್ಟಿನ ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ, ಅದರಲ್ಲಿಯೇ ಎರಡೂ ಸೈಡುಗಳ ಸ್ಟೀರಿಯೋ ಪಟ್ಟಿಗಳು ಅಡಗಬೇಕು, ಅದೂ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸರಿಯುತ್ತಾ. 1963ರಲ್ಲಿ ಫಿಲಿಪ್ಸ್ ಇದನ್ನು ಹೊರತಂದಾಗ ಸಂಗೀತಕ್ಕಿಂತ ಮಾತನ್ನು ದಾಖಲಿಸುವ ಉದ್ದೇಶವೇ ಮುಂದಿತ್ತು. ಹೆಡ್ಡು ಟೇಪಿಗೆ ಲಂಬವಾಗಿರದೆ ಕೂದಲೆಳೆಯಷ್ಟು ವಾಲಿದರೂ ಮೇಲಿನ ಸ್ವರಗಳು ಮಾಯವಾಗುತ್ತವೆ. ಕ್ಯಾಸೆಟ್ಟನ್ನು ತೆಗೆದು ತಿರುಗಿಸದೆಯೇ ಎರಡೂ ಸೈಡು ಹಾಡಿಸುವ ಆಟೋ ರಿವರ್ಸ್ ಇರುವ ನಮ್ಮ ಪ್ಲೇಯರಿನಲ್ಲಿ ಈ ತೊಂದರೆ ಇಮ್ಮಡಿ: ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಎ ಸೈಡಿನ ಚೆಂಡೆಯನ್ನು ಚುರುಕಾಗಿಸಿದರೆ ಬಿ ಸೈಡಿನ ಚೆಂಡೆಗೆ ಕಂಬಳಿ ಹೊದಿಸಿದಂತಾಗುತ್ತದೆ. ಅರ್ಧ ಗಂಟೆ ಒದ್ದಾಡಿ ಎ ಸೈಡನ್ನೇ ಆರಿಸಿಕೊಂಡೆ.

ಹೊಸ ಕಾರಿನಲ್ಲಿ ಅದೇ ಪದ್ಯ ಕೇಳುತ್ತಿದ್ದಾಗ ಮಗಳು ಥಟ್ಟನೆ ಹಿಂದಕ್ಕೆ ಹೋಗಿ ಮತ್ತೊಮ್ಮೆ ಹಾಕಿದಳು. "ಅಪ್ಪ, ಇಲ್ಲಿ ಮೈಕಿನ ಹತ್ತಿರ ಯಾರೋ ಕೆಮ್ಮಿದ್ದಾರೆ, ಕೇಳಿಸಿತಾ?" ಎಂದಳು. ಮೂರನೆಯ ಸಲಕ್ಕೆ ನನಗೂ ಕೇಳಿಸಿತು. ಎರಡು ಸಣ್ಣ ಕೆಮ್ಮು, ನಡುವೆ ಗಂಟಲು ಸರಿಮಾಡಿಕೊಳ್ಳುವ ಸದ್ದು. ಅದು ಅಪ್ಪಯ್ಯನದೇ. ರೆಕಾರ್ಡರಿನ ಪಕ್ಕದಲ್ಲಿ ರಾತ್ರಿಯಿಡೀ ಕುಳಿತಿದ್ದವರು ಅವರೇ ತಾನೆ. ಇದೇ ಟೇಪನ್ನು 800ರಲ್ಲಿ ಇಪ್ಪತ್ತು ವರ್ಷ ಕೇಳಿದ್ದರೂ ನನಗೆ ಆ ಕೆಮ್ಮು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ 800ರಲ್ಲೇ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದೆವು. ಅಲ್ಲಿ ಲೆಕ್ಕಾಚಾರವೇ ಬದಲಾಯಿತು. 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ನಿನ ಗುಡುಗು, ಕಿಟಕಿಯ ಗಾಳಿ, ಟೈರಿನ ಸದ್ದು ಸೇರಿ ಬೆಳಗಿನ ಆ ಸುಯ್ಯೆನ್ನುವ ಸದ್ದನ್ನು ಪೂರ್ತಿ ಮುಚ್ಚಿಬಿಟ್ಟವು. ಉಳಿದದ್ದು ಕ್ಯಾಸೆಟ್ಟು ಚೆನ್ನಾಗಿ ಹಿಡಿಯುವ ಮಧ್ಯದ ಸ್ವರಗಳು, ಅಂದರೆ ಮನುಷ್ಯನ ಕಂಠ. ಹದಿನಾಲ್ಕು ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಏರುತ್ತಿದ್ದರೂ ಸಾಹಿತ್ಯದ ಒಂದಕ್ಷರವೂ ತಪ್ಪಲಿಲ್ಲ. ಟೇಪಿನಲ್ಲಿ ತೀರ ಮೆಲ್ಲನೆಯ ಸ್ವರವೂ ತೀರ ಜೋರಾದ ಸ್ವರವೂ ಒಂದಕ್ಕೊಂದು ಹತ್ತಿರ ಬಂದಿರುತ್ತವೆ, ಕಾರಿಗೆ ಬೇಕಾದದ್ದೂ ಅದೇ. ಹಿಂದೊಮ್ಮೆ ಹಿಂದೂಸ್ತಾನಿ ಆಲಾಪದ ಸಿ.ಡಿ. ಹಾಕಿಕೊಂಡು ಶಿವಮೊಗ್ಗಕ್ಕೆ ಹೋಗಿದ್ದೆ. ಮೆಲುದನಿಗೂ ಜೋರುದನಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರವನ್ನು ಹಿಡಿದಿಡಬಲ್ಲ ಆ ತಟ್ಟೆಯಲ್ಲಿ ಆರಂಭದ ಮಂದ್ರ ಏನೂ ಕೇಳಿಸದೆ ದನಿ ಏರಿಸಿದ್ದೆ. ವೇಗದ ಗತಿಯ ದ್ರುತ್ ಬರುವಷ್ಟರಲ್ಲಿ ಕಿವಿ ಬಿರಿಯುವಂತಾಗಿ ಮತ್ತೆ ಇಳಿಸಬೇಕಾಯಿತು, ದಾರಿಯುದ್ದಕ್ಕೂ ಅದೇ ಕೆಲಸ.

ಆದ್ದರಿಂದ ಕ್ಯಾಸೆಟ್ಟಿನ ಮೇಲಿನ ಪ್ರೀತಿಯನ್ನೆಲ್ಲ ಬರೀ ಹಳಹಳಿಕೆ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಓಡುವ ಕಾರಿನಲ್ಲಿ ಅದು ನಿಜಕ್ಕೂ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಟೇಪಿನ ದನಿಯೇ ಡಿಜಿಟಲ್‌ಗಿಂತ ಮೇಲು ಎನ್ನುವ ಗೆಳೆಯರ ಮಾತನ್ನೂ ಇನ್ನು ಒಪ್ಪಲಾರೆ. ಅಪ್ಪಯ್ಯನ ಕೆಮ್ಮನ್ನು ಇಷ್ಟು ವರ್ಷ ನನ್ನಿಂದ ಮರೆಮಾಡಿದ್ದು ಅದೇ 800ರ ಸದ್ದು, ಅದೇ ಕೊಳೆ ಹಿಡಿದ ಹೆಡ್ಡು.

ಮನೆಗೆ ಬಂದು ಕ್ಯಾಸೆಟ್ಟನ್ನು ಸಂಜೆಯ ಬೆಳಕಿಗೆ ಹಿಡಿದು ನೋಡಿದಾಗ, ರೀಲಿನ ಒಂದು ಬದಿಯಲ್ಲಿ ಬೂಷ್ಟಿನ ಬಿಳಿ ಚುಕ್ಕೆಗಳು ಕಂಡವು. ನಮ್ಮ ಕರಾವಳಿಯ ತೇವಕ್ಕೆ ಇದು ತಪ್ಪುವುದಿಲ್ಲ. ಇನ್ನು ಇದನ್ನು ಕಾರಿನಲ್ಲಿ ಹಾಕುವುದಿಲ್ಲ. ಚುಕ್ಕೆಗಳನ್ನು ತೆಗೆದ ಮೇಲೆ ಮತ್ತೊಮ್ಮೆ, ಈ ಸಲ ಎರಡೂ ಸೈಡುಗಳಿಗೆ ಬೇರೆ ಬೇರೆಯಾಗಿ ಹೆಡ್ಡು ಹೊಂದಿಸಿ, ಸದ್ದು ಸೋಸುವ ಯಾವ ಸಾಫ್ಟ್‌ವೇರನ್ನೂ ಬಳಸದೆ ಇಳಿಸಿಕೊಳ್ಳಬೇಕು. ಬಿ ಸೈಡನ್ನು ನಾವಿನ್ನೂ ನಿಂತ ಕಾರಿನಲ್ಲಿ ಕೇಳಿಲ್ಲ.